ಮೂರು ವಾರ, 41 ಸಲ ‘ಇದೆಯಾ?’, ಮಾರಿದ್ದು ಸೊನ್ನೆ

ಅರ್ಧಕಪಾಟು:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳ ಕೊನೆಗೆ ನಾವು ಚಿಕ್ಕ ಮನೆಗೆ ಹೋಗುತ್ತಿದ್ದೇವೆ. ಈಗಿನದಕ್ಕಿಂತ ಒಂದು ರೂಮು ಕಡಿಮೆ. ಅಂದರೆ ಒಂದು ರೂಮಿನಷ್ಟು ಸಾಮಾನು ಖಾಲಿಯಾಗಲೇಬೇಕು. ಆನ್‌ಲೈನ್‌ನಲ್ಲಿ ಮಾರಿದರೆ ನಾಲ್ಕು ಕಾಸೂ ಬರುತ್ತದಲ್ಲ ಅಂತ ಮೂರು ಜಾಹೀರಾತು ಹಾಕಿದೆ.

ಮೊದಲನೆಯದು ಟ್ರೆಡ್‌ಮಿಲ್. ತಂದು ಎರಡು ವರ್ಷ. ಮೊದಲ ಎರಡು ತಿಂಗಳು ಅದರ ಮೇಲೆ ನಾವು ನಡೆದೆವು, ಆಮೇಲಿನಿಂದ ಬಟ್ಟೆ ಒಣಗುತ್ತಿದೆ. ಎರಡನೆಯದು ಮಗಳ ಕೀಬೋರ್ಡ್, ಸಂಗೀತದ್ದು. ನಾಲ್ಕು ತಿಂಗಳು ಕಲಿತು ಬಿಟ್ಟಳು. ಒಂದು ಕೀ ಮಾತ್ರ ಮನಸ್ಸು ಬಂದಾಗ ನುಡಿಯುತ್ತದೆ, ಇಲ್ಲದಿದ್ದರೆ ಇಲ್ಲ. ಮೂರನೆಯದು ನಮ್ಮ ಮಾವನವರ ಫಿಲ್ಮ್ ಕ್ಯಾಮೆರಾ. ಅವರು ತೀರಿಕೊಂಡು ಹನ್ನೊಂದು ವರ್ಷ ಆಯ್ತು. ಅದು ಚರ್ಮದ ಕೇಸಿನ ಸಮೇತ ಕಪಾಟಿನ ಮೇಲಿನ ಖಾನೆಯಲ್ಲೇ ಕೂತಿತ್ತು.

ಜಾಹೀರಾತು ಹಾಕಿ ಮೂರು ವಾರ. ‘ಇದೆಯಾ?’ ಅಂತ ಕೇಳಿದವರು 41 ಜನ. ಲೆಕ್ಕ ಇಟ್ಟಿದ್ದೇನೆ, ಬೇರೇನು ಮಾಡಲಿ! ‘ಇದೆ’ ಅಂದ ಮೇಲೆ ಸದ್ದೇ ಇಲ್ಲ. ಒಬ್ಬರು ಭಾನುವಾರ ಹತ್ತು ಗಂಟೆಗೆ ಬರುತ್ತೇನೆ ಅಂದರು. ನಾನು ಒಂಬತ್ತಕ್ಕೇ ಟ್ರೆಡ್‌ಮಿಲ್ ಮೇಲಿನ ಬಟ್ಟೆ ತೆಗೆದು, ಧೂಳು ಒರೆಸಿ ಕಾದೆ. ಒಂದೂವರೆಗೆ ಬಟ್ಟೆ ವಾಪಸ್ ಹಾಕಿದೆ.

ಬೆಲೆ ಜಾಸ್ತಿ ಹೇಳಿಲ್ಲ ಅಂದುಕೊಂಡಿದ್ದೇನೆ. ಟ್ರೆಡ್‌ಮಿಲ್‌ಗೆ ಕೊಂಡ ಬೆಲೆಯ ಮುಕ್ಕಾಲು ಭಾಗ ಕೇಳಿದ್ದೇನೆ, ಅಷ್ಟೇ. ‘ತುಂಬಾ ಚೆನ್ನಾಗಿದೆ, ಹೊಸದರ ಹಾಗೇ ಇದೆ’ ಅಂತಲೂ ಬರೆದಿದ್ದೇನೆ. ಮಾರಿ ಅನುಭವ ಇರುವವರು ಹೇಳಿ, ಎಲ್ಲಿ ಎಡವುತ್ತಿದ್ದೇನೆ?

ಹಳೇಗಂಟು:

ಮೇಡಂ, ಆರು ವರ್ಷದಲ್ಲಿ ಅರವತ್ತಕ್ಕೂ ಜಾಸ್ತಿ ಸಾಮಾನು ಮಾರಿದ್ದೇನೆ. ನನ್ನ ಹೆಂಡತಿ ಮಾತ್ರ ಸದ್ಯಕ್ಕೆ ಸುರಕ್ಷಿತ ಅಂತ ಮನೆಯಲ್ಲಿ ತಮಾಷೆ ಮಾಡುತ್ತಾರೆ.

‘ಇದೆಯಾ?’ ಅನ್ನುವವರ ಮೇಲೆ ಸಿಟ್ಟಾಗಬೇಡಿ. ಎಷ್ಟೋ ಕಡೆ ಅದು ಮೊದಲೇ ಬರೆದಿಟ್ಟ ವಾಕ್ಯ, ಬೆರಳು ತಾಗಿದರೆ ಹೊರಟುಬಿಡುತ್ತದೆ. ಬರೀ ‘ಇದೆ’ ಅಂದರೆ ಮಾತು ಅಲ್ಲಿಗೇ ಮುಗಿಯಿತು. ‘ಇದೆ. ನೋಡೋಕೆ ಬುಧವಾರ ಸಂಜೆ ಬರ್ತೀರಾ, ಶನಿವಾರ ಬೆಳಗ್ಗೆನಾ?’ ಅಂತ ಕೇಳಿ. ನಿಜವಾಗಿ ಬೇಕಾದವರು ಉತ್ತರ ಕೊಡುತ್ತಾರೆ. ಬರುವ ದಿನ ಅವರು ಮನೆ ಬಿಡುವಾಗ ಒಂದು ಮೆಸೇಜ್ ಹಾಕಲಿ. ಅದು ಬರುವವರೆಗೆ ಬಟ್ಟೆ ತೆಗೆಯಬೇಡಿ.

ಇನ್ನು ಬೆಲೆ. ಬೇಜಾರಾಗಬೇಡಿ, ಮುಕ್ಕಾಲು ಭಾಗ ಜಾಸ್ತಿಯೇ. ಇದು ನಿಮ್ಮೊಬ್ಬರ ತಪ್ಪಲ್ಲ. ಕಾನೆಮನ್, ನೆಟ್ಶ್, ಥೇಲರ್ ಅಂತ ಮೂವರು ಸಂಶೋಧಕರು 1990ರಲ್ಲಿ ಒಂದು ಪ್ರಯೋಗ ಪ್ರಕಟಿಸಿದ್ದರು. ತರಗತಿಯ ಅರ್ಧ ವಿದ್ಯಾರ್ಥಿಗಳಿಗೆ ಕಾಫಿ ಕುಡಿಯುವ ಮಗ್ ಕೊಟ್ಟರು. ಎಷ್ಟಕ್ಕೆ ಮಾರುತ್ತೀರಿ ಅಂತ ಅವರನ್ನು, ಎಷ್ಟಕ್ಕೆ ಕೊಳ್ಳುತ್ತೀರಿ ಅಂತ ಉಳಿದವರನ್ನು ಕೇಳಿದರು. ಮಗ್ ಕೈಗೆ ಬಂದವರು ಕೇಳಿದ್ದು ಕೊಳ್ಳುವವರು ಹೇಳಿದ್ದರ ಸುಮಾರು ಎರಡು ಪಟ್ಟು. ಆ ಮಗ್ ಅವರ ಹತ್ತಿರ ಇದ್ದದ್ದು ಕೆಲವೇ ನಿಮಿಷ! ನಿಮ್ಮ ಟ್ರೆಡ್‌ಮಿಲ್ ಎರಡು ವರ್ಷ ಕೂತಿದೆ. ಬೇರೆಯವರು ಎಷ್ಟು ಕೇಳುತ್ತಿದ್ದಾರೆ ಅಂತ ನೋಡಿ ಬೆಲೆ ಕಟ್ಟಬೇಡಿ, ಅವೂ ಮಾರಾಟವಾಗದೆ ಕೂತ ಸಾಮಾನೇ. ಎಷ್ಟಕ್ಕೆ ಮಾರಾಟ ಆಯ್ತು ಅನ್ನುವುದನ್ನು ಹುಡುಕಿ. ಇಬೇಯಂಥ ಆನ್‌ಲೈನ್ ಮಾರಾಟದ ಸೈಟಿನಲ್ಲಿ ಮಾರಾಟವಾದವನ್ನು ಮಾತ್ರ ಬೇರೆ ಮಾಡಿ ನೋಡಬಹುದು.

‘ತುಂಬಾ ಚೆನ್ನಾಗಿದೆ’ ಅನ್ನುವುದನ್ನು ಅಳಿಸಿಬಿಡಿ. ಎಲ್ಲರೂ ಅದನ್ನೇ ಬರೆಯುತ್ತಾರೆ, ಯಾರೂ ಓದುವುದಿಲ್ಲ. ಟ್ರೆಡ್‌ಮಿಲ್ ಕೊಳ್ಳುವವನ ತಲೆಯಲ್ಲಿ ಇರುವ ಪ್ರಶ್ನೆಯೇ ಬೇರೆ: ಇದನ್ನು ನಾನು ಕೆಳಗೆ ಇಳಿಸುವುದು ಹೇಗೆ? ಎಷ್ಟನೇ ಮಹಡಿ, ಲಿಫ್ಟ್ ಇದೆಯಾ, ಮಡಚಿದರೆ ಅದರೊಳಗೆ ಹಿಡಿಯುತ್ತಾ, ತೂಕ ಎಷ್ಟು ಕಿಲೋ, ಎತ್ತೋಕೆ ಎಷ್ಟು ಜನ ಬೇಕು, ಇಷ್ಟು ಬರೆಯಿರಿ. ಒಂದು ನಿಮಿಷ ಓಡಿಸಿ ವಿಡಿಯೋ ಮಾಡಿ, ಬೆಲ್ಟಿನ ಸದ್ದು ಕೇಳಿಸಲಿ. ಫೋಟೋ ಹಗಲು ಬೆಳಕಲ್ಲಿ ತೆಗೆಯಿರಿ. ನೀವು ಹೇಳಿದ ರೀತಿ ನೋಡಿದರೆ ಈಗಿನ ಫೋಟೋದಲ್ಲಿ ಒಂದು ಟವೆಲ್ಲಾದರೂ ಇರಬೇಕು ಅಂತ ಅನುಮಾನ. ನಿಜ ತಾನೇ?

ಅರ್ಧಕಪಾಟು:

ಎರಡು ಟವೆಲ್ ಮತ್ತು ಒಂದು ಸಾಕ್ಸ್. ಈಗ ನೋಡಿದೆ.

ನೇರಮಾತು:

ಬೆಲೆ, ಫೋಟೋ ಎಲ್ಲ ಸರಿ. ನಾನು ಮೋಸ ಹೋದ ಕಥೆ ಹೇಳುತ್ತೇನೆ, ಕೇಳಿಸಿಕೊಳ್ಳಿ. ಮಡಚುವ ಮೇಜೊಂದು ಮಾರಾಟಕ್ಕೆ ಇಟ್ಟಿದ್ದೆ. ಹತ್ತು ನಿಮಿಷದಲ್ಲಿ ಒಬ್ಬ ಮೆಸೇಜ್ ಮಾಡಿದ. ಚೌಕಾಸಿ ಇಲ್ಲ. ಮೇಜಿನ ಅಳತೆ ಕೂಡ ಕೇಳಲಿಲ್ಲ. ‘ನಾನು ಊರಲ್ಲಿಲ್ಲ, ನಾಳೆ ಗಾಡಿ ಕಳಿಸ್ತೀನಿ, ದುಡ್ಡು ಈಗಲೇ ಹಾಕ್ತೀನಿ’ ಅಂದ. ಒಂದು ಕ್ಯೂಆರ್ ಕೋಡ್ ಕಳಿಸಿ, ‘ಸ್ಕ್ಯಾನ್ ಮಾಡಿ ಪಿನ್ ಹಾಕಿ, ನಿಮ್ಮ ಖಾತೆಗೆ ಬೀಳುತ್ತೆ’ ಅಂದ. ಹಾಕಿದೆ. ಬೀಳಲಿಲ್ಲ, ಹೋಯಿತು. ‘ಅಯ್ಯೋ, ಏನೋ ತಪ್ಪಾಗಿದೆ, ಇನ್ನೊಂದ್ಸಲ ಮಾಡಿ’ ಅಂದ. ಮತ್ತೆ ಮಾಡಿದೆ! ಓದಿದವನು ನಾನು, ನಾಚಿಕೆಯಾಗುತ್ತದೆ ಹೇಳೋಕೆ.

ಪಿನ್ ಹಾಕುವುದು ಕೊಡುವವನು, ತೆಗೆದುಕೊಳ್ಳುವವನಲ್ಲ. ಇಷ್ಟು ಆವತ್ತು ಹೊಳೆಯಲಿಲ್ಲ. ಇನ್ನೊಂದು ಆಟ ಇದೆ. ‘ತಪ್ಪಿ ಜಾಸ್ತಿ ಹಾಕಿಬಿಟ್ಟೆ, ಉಳಿದದ್ದು ವಾಪಸ್ ಹಾಕಿ’ ಅಂತ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಆ ಚಿತ್ರ ನಂಬಬೇಡಿ, ನಿಮ್ಮ ಖಾತೆ ತೆಗೆದು ನೀವೇ ನೋಡಿ. ಒಟ್ಟಿನಲ್ಲಿ ಸಾಮಾನಿನ ಬಗ್ಗೆ ಒಂದೂ ಪ್ರಶ್ನೆ ಕೇಳದೆ ‘ತಗೊಂಡೆ’ ಅನ್ನುವವರನ್ನು ಕಂಡರೆ ನನಗೆ ಈಗ ಭಯ. ತಲೆ ತಿನ್ನುವ ಗಿರಾಕಿಯೇ ವಾಸಿ.

ನೋಡೋಕೆ ಯಾರಾದರೂ ಬಂದಾಗ ಮನೆಯಲ್ಲಿ ಒಬ್ಬರೇ ಇರಬೇಡಿ. ಸಾಮಾನನ್ನು ಬಾಗಿಲ ಹತ್ತಿರದ ರೂಮಿಗೆ ತಂದಿಡಿ. ಹಾಗೇ, ಮುಂದೆ ಫೋನ್ ಮಾರುವುದಿದ್ದರೆ ಮೊದಲು ನಿಮ್ಮ ಅಕೌಂಟಿನಿಂದ ಹೊರಬಂದು ಆಮೇಲೆ ರೀಸೆಟ್ ಮಾಡಿ. ಇಲ್ಲದಿದ್ದರೆ ಕೊಂಡವರಿಗೆ ಫೋನ್ ನಿಮ್ಮ ಪಾಸ್‌ವರ್ಡ್ ಕೇಳುತ್ತಾ ಕೂರುತ್ತದೆ.

ನಿಧಾನಿ:

ಕೀಬೋರ್ಡಿನ ಆ ಕೀ ವಿಷಯ ಜಾಹೀರಾತಿನಲ್ಲಿ ಹಾಕಿದ್ದೀರಾ? ಹಾಕಿ, ಮೊದಲ ಸಾಲಲ್ಲೇ ಹಾಕಿ. ಇಬೇ 1995ರಲ್ಲಿ ಶುರುವಾದಾಗ ಮೊದಲು ಮಾರಾಟವಾದದ್ದು ಅದನ್ನು ಕಟ್ಟಿದ ಪಿಯರ್ ಒಮಿಡ್ಯಾರ್ ಅವರದೇ ಕೆಟ್ಟುಹೋದ ಲೇಸರ್ ಪಾಯಿಂಟರ್. 14.83 ಡಾಲರಿಗೆ ಹೋಯಿತು. ‘ಇದು ಕೆಟ್ಟಿದೆ, ಗೊತ್ತು ತಾನೇ?’ ಅಂತ ಅವರು ಕೇಳಿದರೆ, ‘ನಾನು ಕೆಟ್ಟ ಲೇಸರ್ ಪಾಯಿಂಟರುಗಳನ್ನೇ ಕೂಡಿಡುತ್ತೇನೆ’ ಅಂದರಂತೆ ಕೊಂಡವರು. ನಿಮ್ಮ ಕೀಬೋರ್ಡಿಗೂ ರಿಪೇರಿ ಹುಚ್ಚಿನವರು ಯಾರಾದರೂ ಸಿಗಬಹುದು. ಮುಚ್ಚಿಟ್ಟರೆ ಮಾತ್ರ ಬಂದವರು ಮೊದಲು ಒತ್ತುವುದೇ ಆ ಕೀ. ನನ್ನ ಅನುಭವ.

ಕತ್ತಲೆಕೋಣೆ:

ಮೇಡಂ, ಕ್ಯಾಮೆರಾ ಇನ್ನೂ ಮಾರಿಲ್ಲ ಅಲ್ವಾ? ಒಂದು ಕೆಲಸ ಮಾಡಿ. ಹಿಂಬದಿಯ ಬಾಗಿಲು ಮಾತ್ರ ತೆರೆಯಬೇಡಿ. ಮೇಲೆ ಎಡಗಡೆ ಒಂದು ಗುಂಡಿ ಇರುತ್ತದೆ, ಅದರಲ್ಲಿ ಮಡಚಿಟ್ಟ ಚಿಕ್ಕ ಹಿಡಿ. ಹಿಡಿ ಬಿಡಿಸಿ ಬಾಣದ ಗುರುತು ಇರುವ ಕಡೆಗೆ ಮೆಲ್ಲಗೆ ತಿರುಗಿಸಿ. ಗುಂಡಿಯನ್ನು ಮೇಲಕ್ಕೆ ಎಳೆಯಬೇಡಿ, ಬಹಳಷ್ಟು ಕ್ಯಾಮೆರಾಗಳಲ್ಲಿ ಹಾಗೆ ಎಳೆದರೇ ಬಾಗಿಲು ತೆರೆಯುವುದು. ಸಲೀಸಾಗಿ ಸುತ್ತುತ್ತಲೇ ಇದ್ದರೆ ಒಳಗೆ ಖಾಲಿ. ಸ್ವಲ್ಪ ತಿರುಗಿ ಬಿಗಿಯಾದರೆ ಒಳಗೆ ಫಿಲ್ಮ್ ಇದೆ.

ಅರ್ಧಕಪಾಟು:

ಬಿಗಿಯಾಯ್ತು.

ಕತ್ತಲೆಕೋಣೆ:

ಸದ್ಯ, ಕೇಳಿದ್ದು ಒಳ್ಳೆಯದಾಯ್ತು! ಈಗ ಕ್ಯಾಮೆರಾ ತಲೆಕೆಳಗೆ ಮಾಡಿ. ತಳದಲ್ಲಿ ಪುಟ್ಟ ಬಟನ್ ಇರುತ್ತದೆ, ಅದನ್ನು ಒತ್ತಿ. ಆಮೇಲೆ ಅದೇ ಹಿಡಿಯನ್ನು ಬಾಣದ ಕಡೆ ಸುತ್ತುತ್ತಾ ಹೋಗಿ. ಅವಸರ ಬೇಡ, ಹಳೇ ಫಿಲ್ಮ್ ಹರಿಯಬಹುದು. ಕೊನೆಗೆ ಏನೋ ಬಿಟ್ಟ ಹಾಗೆ ಆಗಿ ಹಿಡಿ ಹಗುರವಾಗುತ್ತದೆ. ಆಗ ತೆರೆಯಿರಿ. ರೀಲನ್ನು ತೊಳೆಯಿಸಿ, ಅಂದರೆ ಡೆವಲಪ್ ಮಾಡಿಸಿ. ಬಣ್ಣದ್ದಾದರೆ ಮಸುಕಾಗಿರುತ್ತದೆ, ಕಪ್ಪು ಬಿಳುಪಾದರೆ ಆಸೆ ಇಟ್ಟುಕೊಳ್ಳಬಹುದು.

ಕ್ಯಾಮೆರಾ ಮಾರುವ ಮೊದಲು ಲೆನ್ಸಿನೊಳಗೆ ಟಾರ್ಚ್ ಬಿಟ್ಟು ನೋಡಿ. ಜೇಡರ ಬಲೆಯ ಎಳೆಯ ಹಾಗೆ ಕಂಡರೆ ಅದು ಬೂಷ್ಟು. ಬಾಗಿಲ ಅಂಚಿನ ಕಪ್ಪು ಸ್ಪಂಜು ಅಂಟಂಟಾಗಿದ್ದರೆ ಹೆದರಬೇಡಿ, ಆ ಕಾಲದ ಕ್ಯಾಮೆರಾಗಳಲ್ಲಿ ಅದು ಮಾಮೂಲು. ಎರಡನ್ನೂ ಬರೆದು, ಫೋಟೋ ಹಾಕಿ. ಇವನ್ನು ಕೊಳ್ಳುವವರಿಗೆ ಇದೆಲ್ಲ ಗೊತ್ತಿರುತ್ತದೆ. ಕಂಪನಿ ಹೆಸರು, ಮಾಡೆಲ್, ಲೆನ್ಸಿನ ಮುಂದಿರುವ ಅಂಕಿ, ಎಲ್ಲ ಇದ್ದ ಹಾಗೇ ಟೈಪ್ ಮಾಡಿ. ‘ಹಳೇ ಕ್ಯಾಮೆರಾ’ ಅಂತ ಯಾರೂ ಹುಡುಕುವುದಿಲ್ಲ.

ಅರ್ಧಕಪಾಟು:

ಇಪ್ಪತ್ತು ದಿನದ ಮೇಲೆ ಬರೆಯುತ್ತಿದ್ದೇನೆ.

ಟ್ರೆಡ್‌ಮಿಲ್ ಹೋಯ್ತು. ಅರ್ಧ ಬೆಲೆಗಿಂತ ಸ್ವಲ್ಪ ಕಡಿಮೆ ಇಟ್ಟೆ, ಲಿಫ್ಟಿನ ಬಾಗಿಲ ಅಗಲ ಅಳೆದು ಬರೆದೆ. ನಾಲ್ಕನೇ ದಿನ ಒಬ್ಬರು ತಮ್ಮನ ಜೊತೆ ಬಂದರು, ಕೈಯಲ್ಲಿ ಅವರದೇ ಟೇಪು! ನಾನು ಬರೆದದ್ದನ್ನು ನಂಬದೆ ಮತ್ತೆ ಅಳೆದರು. ಸರಿಯಾಗಿತ್ತು. ಈಗ ಬಟ್ಟೆ ಒಣಗಿಸೋಕೆ ಜಾಗ ಇಲ್ಲ.

ಕ್ಯಾಮೆರಾ ಕಾಲೇಜು ಹುಡುಗಿಯೊಬ್ಬಳು ತಗೊಂಡಳು. ಬಂದವಳೇ ಗುಂಡಿಯ ಹಿಡಿ ಬಿಡಿಸಿ ತಿರುಗಿಸಿ ನೋಡಿದಳು. ಅವಳಿಗೂ ಗೊತ್ತು! ಲೆನ್ಸಿನ ಅಂಚಲ್ಲಿ ಬೂಷ್ಟು ಇತ್ತು, ಮೊದಲೇ ಹೇಳಿದ್ದರಿಂದ ಚೌಕಾಸಿ ಮಾಡಲಿಲ್ಲ. ಕೇಸು ಬೇಡ ಅಂದಳು. ಅದು ಇಲ್ಲೇ ಇದೆ.

ರೀಲು ಕಪ್ಪು ಬಿಳುಪಿನದು. 36ರಲ್ಲಿ ಕಾಣುವ ಹಾಗೆ ಬಂದದ್ದು 9. ಏಳು ಒಂದೇ ಕಿಟಕಿಯವು, ಬೆಳಗ್ಗೆಯದು, ಮಧ್ಯಾಹ್ನದ್ದು, ಮಳೆಯಲ್ಲಿ ಒಂದು. ಮಾವನವರು ಅಷ್ಟು ಹೊತ್ತು ಒಂದು ಕಡೆ ನಿಂತದ್ದನ್ನು ನಾನಂತೂ ನೋಡಿಲ್ಲ. ಒಂದರಲ್ಲಿ ಬರೀ ನೆಲ. ಕೊನೆಯದರಲ್ಲಿ ನಮ್ಮ ಯಜಮಾನರು, ಹದಿನೆಂಟು ವರ್ಷ ಇರಬಹುದು, ಎದೆ ಮೇಲೆ ಪುಸ್ತಕ, ಬಾಯಿ ಪೂರ್ತಿ ತೆರೆದು ನಿದ್ದೆ. ಇದನ್ನು ಎಲ್ಲೂ ಹಾಕಬೇಡ ಅಂತ ಅಪ್ಪಣೆಯಾಗಿದೆ. ಮಾರುವುದಂತೂ ಇಲ್ಲ ಅಂತ ಮಾತು ಕೊಟ್ಟಿದ್ದೇನೆ.

ಕೀಬೋರ್ಡ್ ಮಾತ್ರ ಉಳಿದಿದೆ. ಕೀ ವಿಷಯ ಮೊದಲ ಸಾಲಲ್ಲೇ ಹಾಕಿದ್ದೇನೆ. ನಿಧಾನಿ ಅವರೇ, ನಿಮ್ಮ ರಿಪೇರಿ ಹುಚ್ಚಿನವರು ಎಲ್ಲಿ?

ಹೊಸಬ27:

ನಮಸ್ಕಾರ. ಕೀಬೋರ್ಡ್ ಇದೆಯಾ?