ಒಂದು ಬಕೆಟ್ ಬಿಸಿನೀರಿಗೆ ಎಷ್ಟು ಯೂನಿಟ್?

ಚಿಕ್ಕಮ್ಮ (ಫಾರ್ವರ್ಡ್): ಎಚ್ಚರ! 2000 ವ್ಯಾಟ್ ಗೀಸರ್ 10 ನಿಮಿಷ ಉರಿದರೆ 20 ಯೂನಿಟ್! ಹತ್ತು ಸ್ನಾನಕ್ಕೆ ಗೃಹಜ್ಯೋತಿಯ 200 ಯೂನಿಟ್ ಖಾಲಿ! ಎಲ್ಲರಿಗೂ ತಿಳಿಸಿ.

ಚಿಕ್ಕಮ್ಮ: ನಾನು ಮೊದಲೇ ಹೇಳಿದ್ದೆ. ಯಾರೂ ಕೇಳಲಿಲ್ಲ.

ದೊಡ್ಡಪ್ಪ: ತಣ್ಣೀರು ಸ್ನಾನ ಮಾಡಿ. ನಮ್ಮ ತಂದೆ ಮಾಘದ ಚಳಿಯಲ್ಲೂ ಬಾವಿಯಿಂದ ಸೇದಿ ತಲೆಯ ಮೇಲೆ ಸುರಿದುಕೊಳ್ಳುತ್ತಿದ್ದರು. ಈಗಿನವರಿಗೆ ಬೇಸಿಗೆಯಲ್ಲೂ ಬಿಸಿನೀರು ಬೇಕು.

ಸಾಗರದ ಭಾವ: ಅಜ್ಜನ ಮನೆಯ ಬಚ್ಚಲೊಲೆ ನೆನಪಾಯಿತು. ಬೆಳಿಗ್ಗೆ ಅಡಿಕೆ ಸಿಪ್ಪೆ ತುರುಕಿದರೆ ಸಂಜೆಯವರೆಗೂ ಹಂಡೆ ಬೆಚ್ಚಗಿರುತ್ತಿತ್ತು. ನೀರು ತುಂಬುವ ಹಬ್ಬಕ್ಕೆ ಅದರ ಕುತ್ತಿಗೆಗೆ ಹಿಂಡಲೆಕಾಯಿ ಬಳ್ಳಿ ಕಟ್ಟುತ್ತಿದ್ದೆವು.

ನಾನು: ಇದನ್ನು ಬರೆದವರು ಯಾರು? 2000ವನ್ನು 10ರಿಂದ ಗುಣಿಸಿ 1000ದಿಂದ ಭಾಗಿಸಿದ್ದಾರೆ. ಯೂನಿಟ್ ಎಂದರೆ ಕಿಲೋವ್ಯಾಟ್ ಗಂಟೆ, ಇವರು ನಿಮಿಷ ಹಿಡಿದಿದ್ದಾರೆ. ಇನ್ನೊಮ್ಮೆ 60ರಿಂದ ಭಾಗಿಸಬೇಕು. ಆಗ ಬರುವುದು ಒಂದು ಯೂನಿಟ್‌ನ ಮೂರನೆಯ ಒಂದು ಪಾಲು.

ಚಿಕ್ಕಮ್ಮ: ನಾನು ಏನು ಹಾಕಿದರೂ ನಿನಗೆ ತಪ್ಪೇ. ಅರಿಶಿನದ ಹಾಲಿನ ವಿಷಯದಲ್ಲೂ ಹೀಗೆಯೇ ಮಾಡಿದೆ.

ಅಕ್ಕ: ಗೀಸರ್ ಮಾತು ಬಂದದ್ದಕ್ಕೆ ಹೇಳುತ್ತೇನೆ. ನಮ್ಮ ಗೃಹಪ್ರವೇಶದ ದಿನ ರಾತ್ರಿಯಿಡೀ ಗೀಸರ್ ಹಾಕಿಟ್ಟು ಹೋದವರು ಇದೇ ಗುಂಪಿನಲ್ಲಿದ್ದಾರೆ.

ದೊಡ್ಡಪ್ಪ: ಅದು ನಾನಲ್ಲ ಎಂದು ಆಗಲೇ ಹೇಳಿದ್ದೇನೆ.

ಸೋದರಮಾವ: ಕರೆಂಟಿನ ಕಾವು ಬೇರೆ, ಸೌದೆಯ ಕಾವು ಬೇರೆ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ನಾನು: ತೂಗಬಹುದು, ಮಾವ. ತೂಕವನ್ನು ಕೆಳಗಿಳಿಸಿ, ಅದರಿಂದ ನೀರಿನೊಳಗೆ ರೆಕ್ಕೆಚಕ್ರ ತಿರುಗಿಸಿ, ಕೆಲಸವೇ ಶಾಖವಾಗುವುದನ್ನು ವಿಜ್ಞಾನಿ ಜೂಲ್ 1840ರ ದಶಕದಲ್ಲೇ ಅಳೆದು ತೋರಿಸಿದರು. ಹಾಗಾಗಿಯೇ ಒಂದು ಯೂನಿಟ್ ಎಂದರೆ 36 ಲಕ್ಷ ಜೂಲ್ (ಶಕ್ತಿಯ ಅಳತೆಗೆ ಅವರದೇ ಹೆಸರು), ಅಂದರೆ ಸುಮಾರು 860 ಕಿಲೋಕ್ಯಾಲೊರಿ ಎಂದು ಹೇಳಲು ಸಾಧ್ಯ. ಒಂದು ಲೀಟರ್ ನೀರು ಒಂದು ಡಿಗ್ರಿ ಕಾಯಲು ಒಂದು ಕಿಲೋಕ್ಯಾಲೊರಿ ಬೇಕು. 20 ಲೀಟರಿನ ಬಕೆಟ್ 22 ಡಿಗ್ರಿಯಿಂದ 45ಕ್ಕೆ ಏರಲು 460. ಅರ್ಧ ಯೂನಿಟ್‌ಗಿಂತ ತುಸು ಹೆಚ್ಚು, ಆ ಗೀಸರಿಗೆ ಸುಮಾರು 16 ನಿಮಿಷ. 100 ಗ್ರಾಂ ಬಿಸ್ಕತ್ತಿನಲ್ಲೂ ಹೆಚ್ಚುಕಡಿಮೆ ಇಷ್ಟೇ ಕಿಲೋಕ್ಯಾಲೊರಿ ಇರುತ್ತದೆ, ಪೊಟ್ಟಣದ ಹಿಂಬದಿ ಓದಿ.

ದೊಡ್ಡಪ್ಪ: ಬಿಸ್ಕತ್ತು ಬರೀ ಮೈದಾ. ಮಕ್ಕಳಿಗೆ ಕೊಡಬೇಡಿ.

ಸಾಗರದ ಭಾವ: ಆ ತಾಮ್ರದ ಹಂಡೆ ಈಗ ಯಾರ ಮನೆಯಲ್ಲಿದೆ?

ಅಕ್ಕ: ಪಾಲಾದಾಗ ಯಾರು ಒಯ್ದರೆಂದು ಎಲ್ಲರಿಗೂ ಗೊತ್ತು.

ಚಿಕ್ಕಮ್ಮ: ಸೋಮವಾರದಿಂದ ನಾನು ಗೀಸರ್ ಹಾಕಿಲ್ಲ. ಗ್ಯಾಸಿನ ಮೇಲೆ ಕಾಯಿಸಿ ಬಚ್ಚಲಿಗೆ ಹೊತ್ತು ಒಯ್ಯುತ್ತಿದ್ದೇನೆ.

ನಾನು: ಆ ಮಂಡಿನೋವಿನಲ್ಲಿ? ಚಿಕ್ಕಮ್ಮ, ನಾನು ಹಟ ಹಿಡಿಯುವುದು ಇದಕ್ಕೇ. ನನ್ನನ್ನು ನಂಬಬೇಡಿ, ಮೀಟರನ್ನು ನಂಬಿ. ನಾಳೆ ಗೀಸರ್ ಹಾಕುವ ಮೊದಲೊಮ್ಮೆ, ಆರಿಸಿದ ಮೇಲೊಮ್ಮೆ ಓದಿ ಹೇಳಿ.

ಚಿಕ್ಕಮ್ಮ (ಮರುದಿನ, ಬೆಳಿಗ್ಗೆ 6:40): ಮೊದಲು 3417.2 ಇತ್ತು. ಈಗ 3417.8.

ನಾನು: ಸ್ನಾನ ಆಯಿತೇ?

ಚಿಕ್ಕಮ್ಮ: ಆಯಿತು. ಎರಡು ಚೊಂಬು ಹೆಚ್ಚೇ ಸುರಿದುಕೊಂಡೆ.

ಅಕ್ಕ: ದೊಡ್ಡಪ್ಪ, ನೀವಲ್ಲದಿದ್ದರೆ ಮತ್ತೆ ಯಾರು?