ಘಾಟಿಯಲ್ಲಿ ಎಳೆಯದ ಹಳೇ ಡೀಸೆಲ್ ಇಂಡಿಕಾ: ಪಂಪ್ ಬಿಚ್ಚಿಸುವ ಮುಂಚೆ ಏನೇನು ನೋಡಬೇಕು?

ತೀರ್ಥಹಳ್ಳಿಯಿಂದ ಕೇಳಿದ್ದು

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ 2006ರ ಇಂಡಿಕಾ ವಿ2 ಡೀಸೆಲ್ ಇದೆ, ಟರ್ಬೊ ಇಲ್ಲದ್ದು. 1,68,000 ಕಿ.ಮೀ. ಓಡಿದೆ. ಅಪ್ಪ ಹೊಸದಾಗಿ ತಗೊಂಡ ಗಾಡಿ. ಅವರಿಗೆ ಕಣ್ಣಿನ ತೊಂದರೆ ಶುರುವಾದ ಮೇಲೆ ನಾನೇ ಓಡಿಸ್ತಿದೀನಿ, ಅವರನ್ನ ತಿಂಗಳಿಗೊಮ್ಮೆ ಉಡುಪಿಗೆ ತೋರಿಸೋಕೆ ಕರ್ಕೊಂಡು ಹೋಗೋದೂ ಇದರಲ್ಲೇ. ಈಗ ಮೂರು ತೊಂದರೆ. ಬೆಳಿಗ್ಗೆ ಎಂಟು ಹತ್ತು ಸಲ ಸೆಲ್ಫ್ ಹೊಡೀಬೇಕು, ಸ್ಟಾರ್ಟ್ ಆದ ಕೂಡಲೇ ಬಿಳಿ ಹೊಗೆ. ವಾಪಸ್ ಬರುವಾಗ ಆಗುಂಬೆ ಘಾಟಿಯಲ್ಲಿ ಮೊದಲಿನ ಹಾಗೆ ಎಳೆಯೋದೇ ಇಲ್ಲ, ಹಿಂದೆ ಬಸ್ಸಿನವರು ಹಾರ್ನ್ ಹೊಡೀತಾನೇ ಇರ್ತಾರೆ. ಮೇಲೆ ಬರೋ ಹೊತ್ತಿಗೆ ಟೆಂಪರೇಚರ್ ಮುಳ್ಳು ಅರ್ಧ ದಾಟಿರುತ್ತೆ. ಗ್ಯಾರೇಜಿನವರು ಡೀಸೆಲ್ ಪಂಪ್, ಇಂಜಿನ್ ಒಳಗೆ ಡೀಸೆಲ್ ಸಿಂಪಡಿಸೋ ನಾಝಲ್, ಎರಡೂ ಬಿಚ್ಚಿ ಮಾಡಿಸ್ಬೇಕು, ಇಪ್ಪತ್ತೈದು ಸಾವಿರ ಆಗುತ್ತೆ ಅಂದ್ರು. ಮಾರೋ ಮನಸ್ಸಿಲ್ಲ, ಅಪ್ಪನೂ ಒಪ್ಪಲ್ಲ. ಇದೇ ಗಾಡಿ ಇಟ್ಟುಕೊಂಡವರು ದಯವಿಟ್ಟು ನಿಮ್ಮ ಅನುಭವ ಹೇಳಿ.

ಶಿರಸಿಯಿಂದ

ಸದ್ಯಕ್ಕೆ ಪಂಪ್ ಮುಟ್ಟಿಸಬೇಡಿ. ನನ್ನದೂ ಇದೇ ಗಾಡಿ, 2004ರದ್ದು. ಅಂದಿನಿಂದ ಶಿರಸಿ, ಕುಮಟಾ ನಡುವೆ ದೇವಿಮನೆ ಘಟ್ಟ ಹತ್ತಿ ಇಳಿಯುತ್ತಲೇ ಇದ್ದೇನೆ. ನಿಮ್ಮ ಹಾಗೆಯೇ ಒಮ್ಮೆ ಬೆಳಗಿನ ಸ್ಟಾರ್ಟಿಂಗ್ ತೊಂದರೆ ಬಂದಾಗ ಪಂಪ್ ಬಿಚ್ಚಿಸಿ ಕ್ಯಾಲಿಬ್ರೇಷನ್ ಮಾಡಿಸಿದೆ. ಮೂರನೇ ದಿನ ಬೆಳಿಗ್ಗೆ ಮತ್ತದೇ ಕತೆ. ಕೊನೆಗೆ ನೋಡಿದರೆ ತೊಂದರೆ ಇದ್ದದ್ದು ಗೇಣುದ್ದದ ರಬ್ಬರ್ ಪೈಪಿನಲ್ಲಿ. ಆ ದುಡ್ಡು ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ, ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಈ ಇಂಜಿನ್ನಿನ ಶಕ್ತಿ ಎಷ್ಟು ಅನ್ನುವುದು ಮನಸ್ಸಿನಲ್ಲಿರಲಿ. 1405 ಸಿಸಿ, 53 ಚಿಲ್ಲರೆ ಅಶ್ವಶಕ್ತಿ, ಟಾರ್ಕ್ 85 ನ್ಯೂಟನ್ ಮೀಟರ್, ಅದೂ 2500 ಆರ್‌ಪಿಎಂ ಹತ್ತಿರ. ಗಾಡಿಯ ತೂಕವೇ ಸುಮಾರು ಒಂದು ಟನ್. ಐದು ಜನ ಕೂತು ಎ.ಸಿ. ಹಾಕಿದರೆ ಅದರ ಕೈಯಲ್ಲಿ ಮಿಗುವುದು ಏನೂ ಇಲ್ಲ. ದೊಡ್ಡ ಇಂಜಿನ್ ಆಗಿದ್ದರೆ ಗೊತ್ತೇ ಆಗದ ಸಣ್ಣ ಲೋಪ ಇದರಲ್ಲಿ ಘಟ್ಟದ ಮೇಲೆ ಎದ್ದು ಕಾಣುತ್ತದೆ. ಮುಚ್ಚಿಹೋದ ಏರ್ ಫಿಲ್ಟರ್, ಸ್ವಲ್ಪ ಹಿಡಿದುಕೊಂಡ ಬ್ರೇಕು, ಗಾಳಿ ಕಮ್ಮಿ ಇರುವ ಟೈರು, ಒಂದೊಂದೂ ಒಂದಿಷ್ಟು ತಿಂದುಬಿಡುತ್ತದೆ. ಹಾಗಾಗಿ ಖರ್ಚಿಲ್ಲದ್ದನ್ನು ಮೊದಲು ನೋಡಿ, ಪಂಪ್ ಕೊನೆಗೆ.

ಒಂದು ಪ್ರಶ್ನೆ. ರಾತ್ರಿ ಗಾಡಿಯನ್ನು ಮೂತಿ ಮೇಲಾಗಿ ನಿಲ್ಲಿಸುತ್ತೀರೋ, ಕೆಳಗಾಗಿಯೋ? ಟ್ಯಾಂಕ್ ಇರುವುದು ಹಿಂದೆ. ಪೈಪಿನಲ್ಲಿ ಎಲ್ಲಾದರೂ ಕೂದಲೆಳೆಯಷ್ಟು ಸೀಳಿದ್ದರೂ, ಮೂತಿ ಮೇಲಾಗಿದ್ದಾಗ ರಾತ್ರಿಯಿಡೀ ಡೀಸೆಲ್ ಮೆಲ್ಲಗೆ ಟ್ಯಾಂಕಿಗೆ ಇಳಿದು ಹೋಗುತ್ತದೆ, ಆ ಜಾಗಕ್ಕೆ ಗಾಳಿ ಬರುತ್ತದೆ. ಬೆಳಿಗ್ಗೆ ಪಂಪ್ ಮೊದಲು ಆ ಗಾಳಿಯನ್ನೆಲ್ಲ ಎಳೆದು ಮುಗಿಸಬೇಕು, ಆಮೇಲೆ ಡೀಸೆಲ್ಲು. ಎರಡು ದಿನ ಮೂತಿ ಇಳಿಜಾರಿಗೆ ಮಾಡಿ ನಿಲ್ಲಿಸಿ ನೋಡಿ. ಸಲೀಸಾಗಿ ಸ್ಟಾರ್ಟ್ ಆದರೆ ಏರ್ ಎಳೆಯುತ್ತಿದೆ ಎಂದೇ ತಿಳಿಯಿರಿ.

ಅದನ್ನು ಕಣ್ಣಾರೆ ನೋಡುವ ಉಪಾಯವೂ ಉಂಟು. ಅಂಗಡಿಯಲ್ಲಿ ಅದೇ ಅಳತೆಯ, ಡೀಸೆಲ್ ತಡೆಯುವ ಪಾರದರ್ಶಕ ಪೈಪ್ ಒಂದಡಿ ತನ್ನಿ. ಡೀಸೆಲ್ ಫಿಲ್ಟರ್‌ನಿಂದ ಪಂಪಿಗೆ ಹೋಗುವ ಪೈಪ್ ತೆಗೆದು ಇದನ್ನು ಹಾಕಿ ಕ್ಲಿಪ್ ಬಿಗಿ ಮಾಡಿ, ಇಂಜಿನ್ ಓಡಲು ಬಿಡಿ. ಮೊದಲ ಒಂದೆರಡು ನಿಮಿಷ ಗುಳ್ಳೆ ಬರುತ್ತದೆ, ಅದು ಸಹಜ. ಆಮೇಲೂ ಸಾಸಿವೆ ಕಾಳಿನಷ್ಟು ಗುಳ್ಳೆಗಳು ಸಾಲು ಹಿಡಿದು ಓಡುತ್ತಿದ್ದರೆ ಫಿಲ್ಟರ್ ಅಥವಾ ಅದರ ಹಿಂದಿನ ಪೈಪುಗಳಲ್ಲಿ ತೂತಿದೆ. ನನ್ನ ಗಾಡಿಯಲ್ಲಿ ಎಕ್ಸಿಲರೇಟರ್ ಕೊಟ್ಟಾಗ ಗುಳ್ಳೆ ಜಾಸ್ತಿ ಆಗುತ್ತಿತ್ತು. ಘಟ್ಟದಲ್ಲಿ ಎಳೆಯದೇ ಇದ್ದದ್ದಕ್ಕೂ ಅದೇ ಕಾರಣ. ಫಿಲ್ಟರ್ ಹತ್ತಿರದ ಪೈಪನ್ನು ಬಗ್ಗಿಸಿ ನೋಡಿದರೆ ಕ್ಲಿಪ್ಪಿನ ಅಂಚಿನಲ್ಲಿ ರಬ್ಬರ್ ಒಣಗಿ ಬಿರುಕು ಬಿಟ್ಟಿತ್ತು. ಹೊರಗೆ ಒಂದು ಹನಿ ಡೀಸೆಲ್ಲೂ ಸೋರಿರಲಿಲ್ಲ, ಅದು ಒಳಕ್ಕೆ ಗಾಳಿ ಎಳೆಯುವ ಜಾಗ. ಅಲ್ಲಿ ಏನೂ ಇಲ್ಲದಿದ್ದರೆ ನಾಝಲ್‌ನಿಂದ ನಾಝಲ್‌ಗೆ ಹೋಗುವ ಬಟ್ಟೆ ಸುತ್ತಿದ ಸಣ್ಣ ರಿಟರ್ನ್ ಪೈಪುಗಳನ್ನು, ಕೊನೆಯ ನಾಝಲ್‌ನ ರಬ್ಬರ್ ಟೋಪಿಯನ್ನು ನೋಡಿ. ಬಟ್ಟೆ ಒದ್ದೆಯಾಗಿದ್ದರೆ ಎಲ್ಲವನ್ನೂ ಒಟ್ಟಿಗೇ ಬದಲಿಸಿ. ಆದರೆ ಇಂಜಿನ್ ಓಡುವಾಗ ನಾಝಲ್‌ಗೆ ಹೋಗುವ ಕಬ್ಬಿಣದ ಪೈಪುಗಳ ಹತ್ತಿರ ಕೈ ಒಡ್ಡಬೇಡಿ. ಆ ಒತ್ತಡದಲ್ಲಿ ಚಿಮ್ಮುವ ಡೀಸೆಲ್ ಚರ್ಮದೊಳಕ್ಕೇ ಹೋಗುತ್ತದೆ.

ಇನ್ನು ಫಿಲ್ಟರ್‌ನ ನೀರು. ಮಳೆಗಾಲದಲ್ಲಿ ನಾನು ತಿಂಗಳಿಗೊಮ್ಮೆ ಫಿಲ್ಟರ್ ಅಡಿಯ ತಿರುಪು ಸಡಿಲ ಮಾಡಿ ಒಂದು ಗಾಜಿನ ಬಾಟಲಿಗೆ ಸ್ವಲ್ಪ ಇಳಿಸುತ್ತೇನೆ. ನೀರಿದ್ದರೆ ಅಡಿಯಲ್ಲಿ ಬೇರೆಯಾಗಿ ನಿಲ್ಲುತ್ತದೆ. ಮೆಕ್ಯಾನಿಕ್‌ಗಳು ಮೈಕೋ ಪಂಪ್ ಅನ್ನುವ ಈ ರೋಟರಿ ಪಂಪಿಗೆ ಬೇರೆ ಆಯಿಲ್ ಇಲ್ಲ, ಒಳಗೆ ಹರಿಯುವ ಡೀಸೆಲ್ಲೇ ಅದರ ಎಣ್ಣೆ. ನೀರು ಹೋದರೆ, ಟ್ಯಾಂಕ್ ಬರಿದಾಗುವ ತನಕ ಓಡಿಸಿದರೆ, ಸೀಮೆಎಣ್ಣೆ ಬೆರೆತರೆ ಪಂಪ್ ನಿಜಕ್ಕೂ ಹಾಳಾಗುತ್ತದೆ. ಆಗ ಇಪ್ಪತ್ತೈದು ಸಾವಿರದ ಮಾತು ನಿಜವಾಗುತ್ತದೆ.

ಟೈಮಿಂಗ್ ಬೆಲ್ಟ್ (ಇಂಜಿನ್ನಿನ ವಾಲ್ವ್‌ಗಳನ್ನೂ ಪಂಪನ್ನೂ ತಾಳ ತಪ್ಪದಂತೆ ನಡೆಸುವ ಹಲ್ಲಿನ ರಬ್ಬರ್ ಪಟ್ಟಿ) ಯಾವಾಗ ಹಾಕಿಸಿದ್ದು ಅಂತ ತಂದೆಯವರನ್ನು ಕೇಳಿ ಹೇಳಿ. ಇದನ್ನು ಮರೆಯಬೇಡಿ.

ಹಾಸನದಿಂದ

ಸಾರ್, ನಾನು ಟ್ಯಾಕ್ಸಿ ಓಡಿಸ್ತಿದ್ದೆ, ಇಂಡಿಕಾನೇ ಎರಡು ಇಟ್ಕೊಂಡಿದ್ದೆ. ಶಿರಾಡಿ, ಚಾರ್ಮಾಡಿ ಎರಡೂ ಕಡೆ ಸಾವಿರಾರು ಸಲ ಹತ್ತಿದೀನಿ. ಎಳೀತಿಲ್ಲ ಅಂದ್ರೆ ನಾನು ಮೊದಲು ನೋಡೋದು ಎಕ್ಸಿಲರೇಟರ್ ಕೇಬಲ್. ಇಂಜಿನ್ ಆಫ್ ಮಾಡಿ, ಒಬ್ಬರನ್ನ ಒಳಗೆ ಕೂರಿಸಿ ಪೆಡಲ್ ಪೂರ್ತಿ ಒತ್ತೋಕೆ ಹೇಳಿ. ನೀವು ಬಾನೆಟ್ ಎತ್ತಿ ಪಂಪ್ ಮೇಲಿನ ಲಿವರ್ ಕೊನೇ ಸ್ಕ್ರೂಗೆ ತಾಗುತ್ತಾ ನೋಡಿ. ಬೆರಳಲ್ಲಿ ಇನ್ನೂ ತಳ್ಳಬಹುದು ಅನ್ನೋ ಹಾಗಿದ್ರೆ ಕೇಬಲ್ ಉದ್ದ ಬಿದ್ದಿದೆ, ಅಡ್ಜಸ್ಟ್ ಮಾಡಿ. ನನ್ನ ಒಂದು ಗಾಡಿಲಿ ಹೊಸ ಮ್ಯಾಟ್ ದಪ್ಪ ಇದ್ದು ಪೆಡಲ್ ಕೆಳಗೆ ಹೋಗ್ತಾನೇ ಇರಲಿಲ್ಲ. ಪಂಪ್ ಮೇಲಿನ ಸ್ಕ್ರೂಗಳನ್ನ ಮಾತ್ರ ಯಾರ ಕೈಲೂ ತಿರುಗಿಸ್ಬೇಡಿ, ಪಿಕಪ್ ಜಾಸ್ತಿ ಮಾಡ್ಕೊಡ್ತೀನಿ ಅಂತ ಬರ್ತಾರೆ. ಕರೀ ಹೊಗೆ ಬರುತ್ತೆ, ಇಂಜಿನ್ ಕಾಯುತ್ತೆ, ಅಷ್ಟೇ.

ಹತ್ತು ಕಿಲೋಮೀಟರ್ ಬ್ರೇಕ್ ಕಮ್ಮಿ ಹಾಕಿ ಓಡಿಸಿ, ಇಳಿದು ನಾಲ್ಕೂ ಚಕ್ರದ ಡ್ರಮ್ಮು, ಡಿಸ್ಕ್ ಹತ್ರ ಕೈ ಹಿಡೀರಿ, ಮುಟ್ಬೇಡಿ. ಒಂದು ಮಾತ್ರ ಕಾದಿದ್ರೆ ಅಲ್ಲಿ ಬ್ರೇಕ್ ಹಿಡ್ಕೊಂಡಿದೆ.

ಹೀಟ್‌ಗೆ ರೇಡಿಯೇಟರ್ ಹೊರಗಡೆ ನೋಡಿ. ಎ.ಸಿ. ಕಂಡೆನ್ಸರ್‌ಗೂ ರೇಡಿಯೇಟರ್‌ಗೂ ಮಧ್ಯೆ ಮಣ್ಣು, ಹುಳ, ಒಣಗಿದ ಎಲೆ ಗೋಡೆ ಥರ ಕೂತಿರುತ್ತೆ. ಮಲೆನಾಡಿನ ಗಾಡಿಗಳಲ್ಲಂತೂ ಕೇಳ್ಲೇಬೇಡಿ. ಇಂಜಿನ್ ಕಡೆಯಿಂದ ಮುಂದಕ್ಕೆ ಮೆತ್ತಗೆ ನೀರು ಬಿಟ್ಟು ತೊಳೀರಿ, ಜೋರಾಗಿ ಬಿಟ್ರೆ ರೆಕ್ಕೆ ಮಡಿಸ್ಕೊಳ್ಳುತ್ತೆ. ರೇಡಿಯೇಟರ್ ಕ್ಯಾಪ್ ರಬ್ಬರ್ ಗಟ್ಟಿಯಾಗಿದ್ರೆ ಕ್ಯಾಪ್ ಬದಲಿಸಿ, ಆದ್ರೆ ಇಂಜಿನ್ ಪೂರ್ತಿ ತಣ್ಣಗಾಗದೆ ತೆಗೀಬೇಡಿ. ಕೆಲವರು ಹೀಟ್ ಅಂದ ತಕ್ಷಣ, ಇಂಜಿನ್ ಬಿಸಿಯಾಗೋವರೆಗೂ ರೇಡಿಯೇಟರ್‌ಗೆ ನೀರು ಬಿಡದೆ ತಡೆಯೋ ಥರ್ಮೋಸ್ಟಾಟ್ ಕಿತ್ತು ಬಿಸಾಕ್ತಾರೆ. ಒಪ್ಕೋಬೇಡಿ. ಇಂಜಿನ್ ತಣ್ಣಗೇ ಓಡಿ ಹೊಗೆ ಜಾಸ್ತಿ, ಮೈಲೇಜ್ ಕಮ್ಮಿ. ಕೆಟ್ಟಿದ್ರೆ ಹೊಸದು ಹಾಕ್ಸಿ.

ಓಡಿಸೋ ಬಗ್ಗೆ ಒಂದು ಮಾತು. ಆಗುಂಬೇಲಿ 14 ತಿರುವು. ತಿರುವಿಗೆ ಬಂದ ಮೇಲೆ ಗೇರ್ ಇಳಿಸಿದ್ರೆ ಅಷ್ಟೊತ್ತಿಗೆ ಗಾಡಿ ಸತ್ತಿರುತ್ತೆ. ತಿರುವು ಕಾಣ್ತಿದ್ದ ಹಾಗೇ ಎರಡಕ್ಕೆ ಬನ್ನಿ, ಬೇಕಾದ್ರೆ ಒಂದಕ್ಕೆ. ಇಂಜಿನ್ ಸದ್ದು ಜಾಸ್ತಿ ಆದ್ರೆ ಭಯ ಬೀಳ್ಬೇಡಿ. ಮೂರರಲ್ಲಿ ಗೊರ ಗೊರ ಅನ್ನಿಸ್ಕೊಂಡು ಎಳೆಸೋದೇ ಇಂಜಿನ್‌ಗೆ ಕಷ್ಟ, ಹೀಟ್ ಏರೋದೂ ಆಗಲೇ. ಎ.ಸಿ. ಘಾಟಿ ಕೆಳಗಿನ ಸೋಮೇಶ್ವರದಲ್ಲೇ ಆಫ್ ಮಾಡಿಬಿಡಿ.

ಹುಬ್ಬಳ್ಳಿಯಿಂದ

ಪೈಪಿಂದು ಶಿರಸಿಯವರು ಹೇಳ್ಯಾರ, ಅದನ್ನ ಮೊದಲ ಮಾಡ್ರಿ. ನಾ ವೈರಿಂಗ್ ಕೆಲಸದಾಂವ, ನಂದಷ್ಟು ಹೇಳ್ತೀನಿ. ಬಿಳಿ ಹೊಗಿ ಅಂದ್ರಿ, ಅದರ ವಾಸನಿ ನೋಡ್ರಿ. ಕಣ್ಣು ಉರಿಸೋ ಡೀಸೆಲ್ ವಾಸನಿ ಬಂದು, ಇಂಜಿನ್ ಬಿಸಿ ಆದಂಗ ಹೊಗಿ ನಿಂತ್ರ ಅದು ಸುಡದ ಡೀಸೆಲ್. ಪೈಪಿನ್ಯಾಗ ಏರ್ ಇಲ್ಲದಿದ್ರ, ಸ್ಟಾರ್ಟ್ ಮಾಡೂ ಮೊದಲ ಇಂಜಿನ್ ಒಳಗ ಬಿಸಿ ಮಾಡೋ ಹೀಟರ್ ಪ್ಲಗ್ ಸತ್ತಿರ್ತಾವ. ಬಿಸಿ ಆದಮ್ಯಾಲೂ ಬಿಳಿ ಬಂದು ರೇಡಿಯೇಟರ್ ನೀರು ಇಳದ್ರ ಆ ಮಾತು ಬ್ಯಾರೆ, ಆವಾಗ ಹೆಡ್ ಗ್ಯಾಸ್ಕೆಟ್ (ಇಂಜಿನ್ ತಲಿ ಕೆಳಗಿನ ಸೀಲ್) ನೋಡಬೇಕು.

ಹೀಟರ್ ಪ್ಲಗ್ ಮನ್ಯಾಗ ನೋಡಬಹುದು. 12 ವೋಲ್ಟಿನ ಬಲ್ಬಿಗೆ ಎರಡು ವೈರ್ ಹಚ್ಚಿ ಇಟ್ಕೋರಿ. ನಾಲ್ಕೂ ಪ್ಲಗ್ಗಿನ ತಲಿ ಮ್ಯಾಲಿಂದ ಕರೆಂಟ್ ಕೊಡೋ ಪಟ್ಟಿ ಬಿಚ್ಚಿ ಸರಿಸ್ರಿ. ಒಂದು ವೈರ್ ಬ್ಯಾಟರಿ ಪ್ಲಸ್ಸಿಗೆ, ಇನ್ನೊಂದು ಒಂದೊಂದ ಪ್ಲಗ್ಗಿನ ತಲಿಗೆ ಮುಟ್ಟಸ್ರಿ. ಬಲ್ಬ್ ಹತ್ತಿದ್ರ ಜೀವ ಐತಿ, ಹತ್ತಲಿಲ್ಲಂದ್ರ ಅದು ಹೋತು. ನಾಲ್ಕರಾಗ ಎರಡು ಹೋಗಿದ್ರ ಥಂಡಿ ಮುಂಜಾನಿ ನೀವು ಹೇಳಿದಂಗ ಆಗ್ತೈತಿ. ತಗಿಯೂದು ಮಾತ್ರ ಅವಸರ ಮಾಡಬ್ಯಾಡ್ರಿ. ತುಕ್ಕು ಹಿಡದದ್ದು ಥಣ್ಣಗಿದ್ದಾಗ ತಿರುವಿದ್ರ ಕುತ್ತಿಗಿಗೆ ಮುರಿತೈತಿ, ಆಮ್ಯಾಲೆ ಹೆಡ್ಡ ಇಳಸಬೇಕಾಗ್ತೈತಿ. ಹಿಂದಿನ ದಿನ ತುಕ್ಕಿನ ಎಣ್ಣಿ ಬಿಟ್ಟು, ಇಂಜಿನ್ ಬೆಚ್ಚಗಿದ್ದಾಗ ಸಾವಕಾಶ ತಗೀರಿ. ಸ್ಟಾರ್ಟ್ ಆಗವಲ್ದು ಅಂತ ಏರ್ ಫಿಲ್ಟರ್ ಬಾಯಿಗೆ ಪೆಟ್ರೋಲ್ ಅರಿವಿ ಹಿಡಿಯೋರು ಅದಾರ, ಅದನ್ನ ಮಾಡಸ್ಲೇಬ್ಯಾಡ್ರಿ, ಹೀಟರ್ ಕೆಂಪಗಿದ್ದಾಗ ಬೆಂಕಿ ಹಿಂದಕ್ಕ ಬರ್ತೈತಿ.

ಇನ್ನೊಂದು. ಸೆಲ್ಫ್ ನಿಧಾನ ತಿರುಗ್ತಿದ್ರ ಡೀಸೆಲ್ ಗಾಡಿ ಹತ್ತೂದಿಲ್ಲ. ಬ್ಯಾಟರಿ ತಗೊಳ್ಳೂಕಿಂತ ಮೊದಲ ಜಂಪರ್ ಕೇಬಲ್ ಒಂದು ತುದಿ ಬ್ಯಾಟರಿ ಮೈನಸ್ಸಿಗೆ, ಇನ್ನೊಂದು ತುದಿ ಇಂಜಿನ್ನಿನ ಬರೀ ಕಬ್ಬಿಣಕ್ಕ ಹಚ್ಚಿ ಸೆಲ್ಫ್ ಹೊಡೀರಿ. ಜೋರ್ ತಿರುಗಿದ್ರ ಬ್ಯಾಟರಿ ಛಲೋ ಐತಿ, ಅರ್ಥಿಂಗ್ ಪಟ್ಟಿ ಕೆಟ್ಟೈತಿ. ಬಿಚ್ಚಿ ಉಸುಕಿನ ಕಾಗದಲೆ ತಿಕ್ಕಿ ಬಿಗಿ ಮಾಡ್ರಿ.

ಬೆಂಗಳೂರಿನಿಂದ

ಇಂಜಿನ್ ತಣ್ಣಗಿದ್ರೆ ಹೊಗೆ ಜಾಸ್ತಿ ಅನ್ನೋ ಹಾಸನದವರ ಮಾತಿಗೆ ನನ್ನದೊಂದು ಸೇರಿಸ್ತೀನಿ. ನಮ್ಮ ಯಜಮಾನರ ಹಳೇ ಡೀಸೆಲ್ ಗಾಡಿ ಹೊಗೆ ತಪಾಸಣೆಯಲ್ಲಿ ಫೇಲ್ ಆಗಿತ್ತು. ಇಂಥ ಹಳೇ ಗಾಡಿಗೆ ಮಿತಿ 65 ಎಚ್‌ಎಸ್‌ಯು (ಹೊಗೆಯ ದಟ್ಟಣೆ ಅಳೆಯೋ ಮಾನ). ಏರ್ ಫಿಲ್ಟರ್ ಮಾತ್ರ ಹೊಸದು ಹಾಕಿ, ಇಂಜಿನ್ ಚೆನ್ನಾಗಿ ಬಿಸಿಯಾಗೋವರೆಗೂ ರಿಂಗ್ ರೋಡಿನಲ್ಲಿ ಓಡಿಸಿ ತಂದೆ, ಪಾಸಾಯ್ತು. ಬಿಡಿಭಾಗ ನಿಮ್ಮೂರಲ್ಲಿ ಸಿಗದಿದ್ದರೆ ಇಲ್ಲಿ ಜೆ.ಸಿ. ರಸ್ತೆಯಲ್ಲಿ ಕೇಳಿಸಬಹುದು. ಹಳೇ ಪೈಪನ್ನ ಜೊತೆಯಲ್ಲೇ ತನ್ನಿ, ಬಾಯಲ್ಲಿ ಹೇಳಿದ ಅಳತೆಗೆ ಸರಿಯಾದದ್ದು ಸಿಗಲ್ಲ.

ಆರ್‌ಸಿ ಕೂಡ ನೋಡ್ಕೊಳ್ಳಿ. 15 ವರ್ಷ ಆದಮೇಲೆ ಐದೈದು ವರ್ಷಕ್ಕೆ ನವೀಕರಣ. 2022ರ ಏಪ್ರಿಲ್‌ನಲ್ಲಿ ಕಾರಿನ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು, 2025ರಲ್ಲಿ 20 ವರ್ಷ ದಾಟಿದ ಕಾರಿಗೆ 10,000 ಮಾಡಿದರು. ಈ ಖರ್ಚು ಲೆಕ್ಕದಲ್ಲಿಟ್ಟುಕೊಂಡೇ ರಿಪೇರಿಗೆ ಕೈ ಹಾಕಿ.

ತೀರ್ಥಹಳ್ಳಿಯಿಂದ, ಹತ್ತು ದಿನದ ಮೇಲೆ

ಎಲ್ಲರಿಗೂ ಕೈಮುಗಿದು ಹೇಳ್ತೀನಿ, ಗಾಡಿ ಸರಿಹೋಯ್ತು. ನಮ್ಮ ಅಂಗಳ ಏರು, ಮೂತಿ ಯಾವಾಗ್ಲೂ ಮೇಲಕ್ಕೇ ಇರ್ತಿತ್ತು. ತಿರುಗಿಸಿ ನಿಲ್ಲಿಸಿದ ಮೊದಲ ಬೆಳಿಗ್ಗೇನೇ ಎರಡು ಸೆಲ್ಫ್‌ಗೆ ಸ್ಟಾರ್ಟ್ ಆಯ್ತು. ಪಾರದರ್ಶಕ ಪೈಪ್ ಹಾಕಿ ಅಪ್ಪನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಂಡೆ. ಅವರಿಗೆ ಗುಳ್ಳೆ ಕಾಣಲಿಲ್ಲ, ಆದರೆ ಇಂಜಿನ್ ಸದ್ದು ಕೇಳಿ "ಏರ್ ತಗೊಳ್ತಿದೆ, ಉಸಿರು ಕಟ್ಟಿ ಬಿಡ್ತಿದೆ ನೋಡು" ಅಂದ್ರು. ಸೀಳಿದ್ದದ್ದು ಟ್ಯಾಂಕ್ ಕಡೆಯಿಂದ ಫಿಲ್ಟರ್‌ಗೆ ಬರೋ ಪೈಪು. ಅದು, ರಿಟರ್ನ್ ಪೈಪುಗಳು, ಡೀಸೆಲ್ ಫಿಲ್ಟರ್, ಏರ್ ಫಿಲ್ಟರ್, ಸತ್ತಿದ್ದ ಒಂದು ಹೀಟರ್ ಪ್ಲಗ್, ಎಲ್ಲಾ ಸೇರಿ ಮೂರು ಸಾವಿರದೊಳಗೆ ಮುಗೀತು. ರೇಡಿಯೇಟರ್ ಮಧ್ಯದಿಂದ ಒಂದು ಮೊರದಷ್ಟು ಮಣ್ಣು ಬಂತು. ಕೇಬಲ್ ಕೂಡ ಅರ್ಧ ಇಂಚು ಸಡಿಲ ಇತ್ತು.

ಮೊನ್ನೆ ಉಡುಪಿಯಿಂದ ಬರುವಾಗ ಎ.ಸಿ. ಆಫ್ ಮಾಡಿ, ತಿರುವಿಗೆ ಮುಂಚೆಯೇ ಗೇರ್ ಇಳಿಸ್ತಾ ಬಂದೆ. ಮುಳ್ಳು ಅರ್ಧದಲ್ಲೇ ನಿಂತಿತ್ತು. ಮೇಲೆ ಬಂದ ಮೇಲೆ ಅಪ್ಪ, "ಈಗ ನಮ್ಮ ಗಾಡಿ ಸದ್ದು ಬಂತು" ಅಂದ್ರು.

ಬೆಲ್ಟಿನ ವಿಷಯ ಅಪ್ಪನ ಡೈರಿಯಲ್ಲಿ ಸಿಕ್ತು: 2015ರಲ್ಲಿ, 1,12,000 ಕಿ.ಮೀ. ಆದಾಗ ಹಾಕಿಸಿದ್ದು. ಇನ್ನೂ ಸ್ವಲ್ಪ ಓಡಿಸಬಹುದಾ?

ಶಿರಸಿಯಿಂದ

ಬಹಳ ಸಂತೋಷವಾಯಿತು. ಬೆಲ್ಟ್ ಮಾತ್ರ ಇನ್ನು ಒಂದು ಘಟ್ಟವನ್ನೂ ಹತ್ತಿಸಬೇಡಿ. ನಾನು 60,000 ಕಿ.ಮೀ.ಗೆ ಬದಲಿಸುತ್ತೇನೆ, ನಿಮ್ಮದು 56,000 ಆಗಿದೆ, ಅದಕ್ಕಿಂತ ಹೆಚ್ಚಾಗಿ ರಬ್ಬರಿಗೆ ಇಷ್ಟು ವರ್ಷ ಕಳೆದಿದೆ. ಇದು ಕಡಿದರೆ ವಾಲ್ವ್‌ಗಳು ಪಿಸ್ಟನ್‌ಗೆ ಬಡಿದು ಬಾಗುತ್ತವೆ. ಬೆಲ್ಟನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಬೇರಿಂಗನ್ನೂ ಜೊತೆಯಲ್ಲೇ ಹಾಕಿಸಿ. ಪಂಪ್ ತಿರುಗುವುದೂ ಅದೇ ಬೆಲ್ಟಿನಿಂದ, ಒಂದು ಹಲ್ಲು ತಪ್ಪಿದರೂ ಮತ್ತೆ ಹೊಗೆ, ಮತ್ತೆ ಎಳೆಯದ ಕತೆ. ಬೆಲ್ಟ್ ಹಾಕಲು ಚಕ್ರಗಳ ಗುರುತು ಕೂಡಿಸುವಾಗ ಪಕ್ಕದಲ್ಲೇ ನಿಂತುಕೊಳ್ಳಿ, ತಂದೆಯವರನ್ನೂ ಕರೆದುಕೊಂಡು ಹೋಗಿ. ಸ್ಟಾರ್ಟ್ ಮಾಡಿದ ಕೂಡಲೇ ಸದ್ದು ಸರಿಯಿದೆಯೋ ಇಲ್ಲವೋ ಅವರೇ ಹೇಳುತ್ತಾರೆ.