ಚಳಿಗಾಲದ ಮಳೆಯಲ್ಲಿ ಸಕ್ಯುಲೆಂಟ್‌ಗಳನ್ನು ಉಳಿಸಿಕೊಳ್ಳುವುದು ಹೇಗೆ?

ಪ್ರಶ್ನೆ
ನಾನು ಸಕ್ಯುಲೆಂಟ್‌ಗಳನ್ನು, ಅಂದರೆ ದಪ್ಪ ಎಲೆಗಳಲ್ಲಿ ನೀರು ಕೂಡಿಟ್ಟುಕೊಳ್ಳುವ ಗಿಡಗಳನ್ನು, ಬೆಳೆಸುತ್ತೇನೆ. ಅಂಗಳದ ಪಾತಿಯಲ್ಲಿ ಎಕೆವೆರಿಯಾ, ಅಯೋನಿಯಂ ಮತ್ತು ಒಂದು ಅಗಾವೆ ಅಟೆನ್ಯುವೇಟಾ ಇವೆ; ಇನ್ನು ಹತ್ತಾರು ಗಿಡಗಳು ಕುಂಡಗಳಲ್ಲಿವೆ. ಕಳೆದ ಚಳಿಗಾಲದಲ್ಲಿ ವಾರವಿಡೀ ಜಿಟಿಜಿಟಿ ಮಳೆ ಹಿಡಿದು, ಅದರ ಬೆನ್ನಿಗೇ ಉಷ್ಣಾಂಶ ಎರಡು ರಾತ್ರಿ ಸೊನ್ನೆಗಿಂತ ಕೆಳಗಿಳಿಯಿತು. ನಾನು ಪ್ಲಾಸ್ಟಿಕ್ ಹಾಳೆಯನ್ನು ಗಿಡಗಳ ಮೇಲೆ ಹೊದಿಸಿ ನಾಲ್ಕು ದಿನ ಹಾಗೆಯೇ ಬಿಟ್ಟಿದ್ದೆ. ತೆಗೆದು ನೋಡಿದಾಗ ಹಾಳೆಗೆ ತಾಗಿದ್ದ ಎಲೆಗಳು ಬೇಯಿಸಿದ ಈರುಳ್ಳಿಯಂತೆ ಮೆತ್ತಗಾಗಿದ್ದವು. ವಿಚಿತ್ರವೆಂದರೆ, ಹೊದಿಸಲು ಮರೆತುಹೋಗಿದ್ದ, ಸೂರಿನ ಕೆಳಗಿನ ಕುಂಡಕ್ಕೆ ಏನೂ ಆಗಿರಲಿಲ್ಲ. ಎಲ್ಲವನ್ನೂ ಒಳಗಿಡಲು ಜಾಗವಿಲ್ಲದಿರುವಾಗ ಈ ಬಾರಿ ಏನು ಮಾಡಬೇಕು?

ಉತ್ತರ 1
ನೀವು ಮರೆತ ಕುಂಡವೇ ನಿಮಗೆ ಉತ್ತರ ಹೇಳಿದೆ. ಎಕೆವೆರಿಯಾಗಳಲ್ಲಿ ಹೆಚ್ಚಿನವು ಮೆಕ್ಸಿಕೋದ ಎತ್ತರದ ಪ್ರದೇಶಗಳವು. ಅಲ್ಲಿ ಮಳೆ ಬೇಸಿಗೆಯಲ್ಲಿ ಬರುತ್ತದೆ, ಚಳಿಗಾಲ ಒಣಗಿರುತ್ತದೆ. ಹೀಗಾಗಿ ಒಣ ಚಳಿಯನ್ನು ಒಂದಿಷ್ಟು ತಡೆಯುವ ಗಿಡವೇ ತೊಯ್ದ ಬೇರಿನ ಮೇಲೆ ನಿಂತಾಗ ಸೋಲುತ್ತದೆ. ನೀರು ತುಂಬಿ ಉಬ್ಬಿದ ಎಲೆಯ ಜೀವಕೋಶಗಳು ಹೆಪ್ಪುಗಟ್ಟಿದಾಗ ಬೇಗ ಒಡೆಯುತ್ತವೆ. ನೀರು ಕಡಿಮೆಯಾಗಿ ರಸ ಗಟ್ಟಿಯಾದ ಎಲೆ ಅಷ್ಟು ಸುಲಭವಾಗಿ ಹೆಪ್ಪುಗಟ್ಟುವುದಿಲ್ಲ.

ಆದ್ದರಿಂದ ಮೊದಲು ಮಳೆಯನ್ನು ತಡೆಯಿರಿ, ಚಳಿಯ ಮಾತು ಆಮೇಲೆ. ಪಾತಿಯ ಮೇಲೆ ನಾಲ್ಕು ಗೂಟ ನೆಟ್ಟು, ಪಾಲಿಕಾರ್ಬೊನೇಟ್ ಹಾಳೆಯನ್ನು ಇಳಿಜಾರಾಗಿ ಕಟ್ಟಿ, ಗಾಳಿಯಾಡುವಂತೆ ಬದಿಗಳನ್ನು ತೆರೆದೇ ಬಿಡಿ. ಕುಂಡಗಳ ಕೆಳಗಿನ ತಟ್ಟೆಗಳನ್ನು ಇಂದೇ ತೆಗೆದುಹಾಕಿ, ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತಿಡಿ. ಹೆಪ್ಪುಗಟ್ಟುವ ರಾತ್ರಿಗಳಲ್ಲಿ ಮಾತ್ರ ಹಗುರವಾದ, ಗಾಳಿಯಾಡುವ ಬಟ್ಟೆಯನ್ನು ಎಲೆಗೆ ತಾಗದಂತೆ ಹೊದಿಸಿ, ಬೆಳಿಗ್ಗೆ ತೆಗೆಯಿರಿ. ಪ್ಲಾಸ್ಟಿಕ್ ತಾಗಿದ ಕಡೆಯಲ್ಲೆಲ್ಲ ಹೊರಗಿನ ಚಳಿ ನೇರವಾಗಿ ಎಲೆಗೆ ಇಳಿಯುತ್ತದೆ, ಒಳಗೆ ಬೆವರಿದ ನೀರು ಅಲ್ಲೇ ನಿಲ್ಲುತ್ತದೆ. ಮೋಡವಿಲ್ಲದ, ಗಾಳಿಯಿಲ್ಲದ ರಾತ್ರಿಗಳ ಬಗ್ಗೆಯೇ ಹೆಚ್ಚು ಎಚ್ಚರವಿರಲಿ, ಏಕೆಂದರೆ ನೆಲದ ಶಾಖ ಆಕಾಶಕ್ಕೆ ಹಾರಿಹೋಗುವುದು ಅಂಥ ರಾತ್ರಿಗಳಲ್ಲೇ.

ಉತ್ತರ 2
ಮೇಲಿನವರ ಮಾತಿಗೆ ಒಂದು ತಿದ್ದುಪಡಿ. ಎಲ್ಲ ಗಿಡಗಳನ್ನೂ ಪೂರ್ತಿ ಒಣಗಿಸಬೇಡಿ. ಅಯೋನಿಯಂಗಳು ಬೇಸಿಗೆಯಲ್ಲಿ ಮಲಗಿ ತಂಪಿನ ಕಾಲದಲ್ಲಿ ಬೆಳೆಯುವಂಥವು, ಅವಕ್ಕೆ ಆಗೊಮ್ಮೆ ಈಗೊಮ್ಮೆ ನೀರು ಬೇಕೇ ಬೇಕು. ಹಾಗೆಂದು ಹೆಪ್ಪುಗಟ್ಟುವ ಚಳಿಯನ್ನು ಅವು ಸಹಿಸುತ್ತವೆಂದು ತಿಳಿಯಬಾರದು. ನಿಮ್ಮ ಅಗಾವೆಯೂ, ಮುಳ್ಳಿಲ್ಲದ ಅದರ ಮೃದುವಾದ ಎಲೆಗಳೇ ಹೇಳುವಂತೆ, ಕುಲದಲ್ಲಿ ನಾಜೂಕಿನದು. ಒಳಗೆ ಜಾಗ ಸ್ವಲ್ಪವೇ ಇದ್ದರೆ ಅದನ್ನು ಕುಂಡದ ಅಯೋನಿಯಂಗಳಿಗೆ ಕೊಡಿ, ಬೆಚ್ಚಗಿನ ಕೋಣೆಗಿಂತ ಬೆಳಕಿರುವ ತಣ್ಣನೆಯ ಕಿಟಕಿ ಮೇಲು. ಸೆಂಪರ್ವೈವಂ ಎಂಬ ಸಕ್ಯುಲೆಂಟ್ ಇದ್ದರೆ ಅದನ್ನು ಹೊರಗೇ ಬಿಡಿ, ಹಿಮ ಬಿದ್ದರೂ ಅದಕ್ಕೆ ಚಿಂತೆಯಿಲ್ಲ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಇನ್ನೊಂದು ಸಂಗತಿ: ಒಂದು ಎಕೆವೆರಿಯಾದ ಕಾಂಡ ಬುಡದಲ್ಲಿ ಕಪ್ಪಾಗಿದೆ, ಮೇಲಿನ ಎಲೆಗಳು ಮಾತ್ರ ಚೆನ್ನಾಗಿವೆ. ಅದನ್ನು ಉಳಿಸಬಹುದೇ?

ಉತ್ತರ 1
ಖಂಡಿತ, ಆದರೆ ಕಾಯಬೇಡಿ. ಚಳಿಯಿಂದ ಸುಟ್ಟ ಎಲೆಯಾದರೆ ಒಣಗಿರುವವರೆಗೆ ಹಾಗೆಯೇ ಬಿಡಬಹುದು, ಅದು ಕೆಳಗಿನ ಚಿಗುರಿಗೆ ಮರೆಯಾಗುತ್ತದೆ. ಕೊಳೆ ಹಾಗಲ್ಲ, ಮೇಲೇರುತ್ತಲೇ ಇರುತ್ತದೆ. ಚಾಕುವನ್ನು ಸ್ಪಿರಿಟ್‌ನಿಂದ ಒರೆಸಿ, ಕಪ್ಪು ಭಾಗದ ಮೇಲೆ ಕಾಂಡವನ್ನು ಅಡ್ಡಲಾಗಿ ಕತ್ತರಿಸಿ. ಕತ್ತರಿಸಿದ ಮುಖದಲ್ಲಿ ಕಂದು ಉಂಗುರವೋ ಚುಕ್ಕೆಯೋ ಕಂಡರೆ ಇನ್ನೂ ಮೇಲಕ್ಕೆ ಹೋಗಿ, ಪೂರ್ತಿ ತಿಳಿ ಹಸಿರು ಕಾಣುವವರೆಗೆ. ನಂತರ ಒಂದು ವಾರ ನೆರಳಿನಲ್ಲಿ ಒಣಗಲು ಬಿಟ್ಟು, ಗಾಯ ಗಟ್ಟಿಯಾದ ಮೇಲೆ, ಅರ್ಧಕ್ಕರ್ಧ ಸಣ್ಣ ಜಲ್ಲಿ ಬೆರೆಸಿದ ಒಣ ಮಣ್ಣಿನ ಮೇಲೆ ಕೂರಿಸಿ. ಬೇರು ಕಾಣುವವರೆಗೆ ನೀರು ಬೇಡ.